ಟ್ಯಾಂಕಿನಲ್ಲಿ ಇಲ್ಲದ ಸಕ್ಕರೆ

ಹೋದ ತಿಂಗಳು ಒಂದು ಭಾನುವಾರ, ಬೈಕುಲ್ಲಾದ ಒಂದು ಗಲ್ಲಿಯಲ್ಲಿ, ಮೆಕ್ಯಾನಿಕ್ ದಾದಾಪೀರ್ ಒಂದು ಡಬ್ಬಿಯ ಮುಚ್ಚಳಕ್ಕೆ ಒಂದಿಷ್ಟು ಪೆಟ್ರೋಲ್ ಸುರಿದರು. ಪಕ್ಕದ ಚಹಾದ ಅಂಗಡಿಯಿಂದ ಒಂದು ಚಮಚ ಸಕ್ಕರೆ ತಂದು ಅದಕ್ಕೆ ಹಾಕಿದರು. ಕಡ್ಡಿಯಿಂದ ಕಲಕಿದರು. ಮತ್ತೆ ಕಲಕಿದರು. ಆಮೇಲೆ ಮುಚ್ಚಳವನ್ನು ನನ್ನ ಮುಖದ ಮುಂದೆ ಹಿಡಿದರು.

ಸಕ್ಕರೆ ಕರಗಿರಲಿಲ್ಲ. ಅಷ್ಟೂ ಕಾಳು ಹಾಗೇ ತಳದಲ್ಲಿ ಕೂತಿತ್ತು.

“ಸಕ್ಕರಿ ಪೆಟ್ರೋಲ್‌ನ್ಯಾಗ ಕರಗೂದಿಲ್ರಿ ಸಾಹೇಬ್ರ,” ಎಂದರು ದಾದಾಪೀರ್. “ಕರಗಲಿಲ್ಲಂದ್ರ ಟ್ಯಾಂಕಿನ ತಳಕ್ಕ ಕುಂದ್ರಬೇಕು, ಇಲ್ಲಾ ಜಾಳಿಗಿಗೆ ಸಿಗಬೇಕು. ನಿಮ್ಮ ಟ್ಯಾಂಕ್ ಖಾಲಿ ಮಾಡಿ ನೋಡೇನಿ. ಒಂದು ಕಾಳಿಲ್ಲ.”

ನಾನು ಕಡ್ಡಿ ತೆಗೆದುಕೊಂಡು ಮತ್ತೊಮ್ಮೆ ಕಲಕಿದೆ. ಯಾಕೆಂದರೆ, ಅದಕ್ಕೆ ಮೂರು ವಾರ ಮೊದಲು ಇದೇ ಪುಟದಲ್ಲಿ, ಇದೇ ಅಂಕಣದಲ್ಲಿ, ನನ್ನ ಸ್ಕೂಟರಿನ ಟ್ಯಾಂಕಿಗೆ ಸಕ್ಕರೆ ಬಿದ್ದಿದೆ ಎಂದು ನಾನು ನಿಮಗೆಲ್ಲ ಹೇಳಿಯಾಗಿತ್ತು. ಯಾರು ಹಾಕಿದರು ಎಂಬುದನ್ನೂ ಹೇಳಿಯಾಗಿತ್ತು.

ನೆನಪಿದೆಯಲ್ಲವೇ? ‘ಸಿಹಿ ಪೆಟ್ರೋಲ್’ ಎಂದು ತಲೆಬರಹ. ನಿಮ್ಮಲ್ಲಿ ಬಹಳ ಜನ ಪತ್ರ ಬರೆದಿರಿ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು ಅಂದಿರಿ. ಲೋಕಲ್ ರೈಲಿನಲ್ಲಿ ಓದಿ ಪಕ್ಕದವರಿಗೂ ಕೊಟ್ಟೆವು ಅಂದಿರಿ. ಎಷ್ಟೋ ವರ್ಷಗಳಿಂದ ಈ ಅಂಕಣ ಬರೆಯುತ್ತಿದ್ದೇನೆ, ಇಷ್ಟು ಪತ್ರ ಯಾವುದಕ್ಕೂ ಬಂದಿರಲಿಲ್ಲ. (ಒಂದೊಂದನ್ನೂ ಎರಡೆರಡು ಸಲ ಓದಿದ್ದೇನೆ. ಸುಳ್ಳು ಯಾಕೆ ಹೇಳಲಿ?)

ಆ ಅಂಕಣದಲ್ಲಿ ಬರೆದದ್ದು ಸುಳ್ಳು. ಇವತ್ತಿನದು ಆ ಲೆಕ್ಕ ತೀರಿಸಲು ಬರೆದದ್ದು. ಅಂದು ಓದದವರಿಗೂ ತಿಳಿಯಬೇಕು, ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಸ್ಕೂಟರಿಗೆ ಕಂಪನಿಯ ಪಟ್ಟಿಯಲ್ಲಿ ಹೆಸರು ಬರೆಸಿ ನಾನು ಆರು ವರ್ಷ ಕಾದಿದ್ದೆ. ಹೆಸರು ಬರೆಸಿದವರಿಗೆಲ್ಲ ಈ ಕಾಯುವಿಕೆ ಗೊತ್ತು. ಮದುವೆಗೆ ಹುಡುಗಿ ಸಿಗುತ್ತಾಳೆ, ಖೋಲಿ ಸಿಗುತ್ತದೆ, ಸ್ಕೂಟರ್ ಸಿಗುವುದಿಲ್ಲ. ಕೊನೆಗೆ ಒಂದು ದಿನ ಸಿಕ್ಕಿತು. ತಿಳಿ ನೀಲಿ ಬಣ್ಣ. ಕಾಂದಿವಲಿಯ ನಮ್ಮ ಬಿಲ್ಡಿಂಗಿಗೆ ಅದೇ ಮೊದಲ ಸ್ಕೂಟರ್. ನನ್ನ ಆಫೀಸು ಗೋರೆಗಾಂವ್‌ನಲ್ಲಿ. ಲೋಕಲ್‌ನ ಬಾಗಿಲಲ್ಲಿ ಜೋತಾಡಿಕೊಂಡು ಹೋಗುತ್ತಿದ್ದವನು ಗಾಳಿಗೆ ಎದೆಯೊಡ್ಡಿ ಕೂತು ಹೋಗತೊಡಗಿದೆ.

ಅದನ್ನು ನಾನು ನೋಡಿಕೊಂಡ ಬಗೆ ಹೇಳುತ್ತೇನೆ ಕೇಳಿ. ರಾತ್ರಿ ಹಳೆಯ ಚಾದರ ಹೊದಿಸುತ್ತಿದ್ದೆ. ಬೆಳಿಗ್ಗೆ ಒರೆಸುತ್ತಿದ್ದೆ. ಕಿಕ್ ಹೊಡೆದು, ಇಂಜಿನ್ ಬೆಚ್ಚಗಾಗಲಿ ಎಂದು ಐದು ನಿಮಿಷ ನಿಂತಲ್ಲೇ ಓಡಿಸುತ್ತಿದ್ದೆ. ಈ ಗಾಡಿಗಳಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕಬೇಕು ಎಂಬುದು ನಿಮಗೆ ಗೊತ್ತು. ಪಂಪಿನವನು ಅಳತೆ ನೋಡಿಯೇ ಹಾಕುತ್ತಾನೆ. ಆದರೆ ನನಗೆ ಸಮಾಧಾನವಿಲ್ಲ. ಮನೆಯಲ್ಲಿ ಒಂದು ಎಣ್ಣೆ ಡಬ್ಬಿ ಇಟ್ಟುಕೊಂಡು, ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಮೇಲಿಂದ ಒಂದಿಷ್ಟು ನನ್ನ ಕೈಯಾರೆ ಸುರಿಯುತ್ತಿದ್ದೆ. ಇಂಜಿನ್ನಿಗೆ ಆಯುಷ್ಯ ಹೆಚ್ಚಲಿ ಎಂದು.

ಗಾಡಿ ನಿಲ್ಲಿಸಲು ನಮ್ಮ ಕಂಪೌಂಡಿನಲ್ಲಿ ಒಂದೇ ಒಂದು ನೆರಳಿನ ಜಾಗ. ಗ್ರೌಂಡ್ ಫ್ಲೋರಿನ ಒಂದು ಕಿಟಕಿಯ ಕೆಳಗೆ. ಆ ಕಿಟಕಿ ಸಂಜೀವಣ್ಣನ ಮನೆಯದು.

ಸಂಜೀವಣ್ಣ ಉಡುಪಿ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಮಾಣಿಯಾಗಿ, ಆಮೇಲೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತವರು. ಮಾತು ಕಡಿಮೆ. ಮನೆಯಲ್ಲಿ ಅವರು, ಅವರ ತಾಯಿ ಕಮಲಕ್ಕ, ಇಬ್ಬರೇ. ತಾಯಿಗೆ ಉಬ್ಬಸ.

ಈ ವರ್ಷ ಮಾರ್ಚ್ ಮೊದಲಲ್ಲಿ ಒಂದು ಬೆಳಿಗ್ಗೆ ಸಂಜೀವಣ್ಣ ಹೊರಗೆ ಬಂದು ನನ್ನ ಹತ್ತಿರ ನಿಂತರು. ಗಾಡಿಯ ಸದ್ದು ನಿಲ್ಲುವವರೆಗೆ ಕಾದರು. ಆಮೇಲೆ ಹೇಳಿದರು:

“ರಾಯರೇ, ತಪ್ಪು ತಿಳಿಯಬೇಡಿ. ನಿಮ್ಮ ಸ್ಕೂಟರ್ ಹೊಗೆ ಜಾಸ್ತಿ ಬಿಡ್ತದೆ. ಬೇರೆಯವರ ಗಾಡಿ ಇಷ್ಟು ಬಿಡುವುದಿಲ್ಲ. ಏನೋ ತೊಂದರೆ ಉಂಟು ಅದಕ್ಕೆ. ಒಮ್ಮೆ ತೋರಿಸಿ. ಅಮ್ಮನಿಗೆ ಉಸಿರು ಕಟ್ತದೆ.”

ಇಷ್ಟೇ ಅವರು ಹೇಳಿದ್ದು. ಇದಕ್ಕಿಂತ ಮರ್ಯಾದೆಯಿಂದ ಹೇಳುವುದು ಹೇಗೆ? ಆದರೆ ನನಗೆ ಕೇಳಿಸಿದ್ದೇ ಬೇರೆ. ಆರು ವರ್ಷ ಕಾದು ತಂದ ಗಾಡಿಯಲ್ಲಿ ಹುಳುಕು ಹುಡುಕುತ್ತಾನೆ, ಹೊಟ್ಟೆಕಿಚ್ಚು, ಎಂದು ಕೇಳಿಸಿತು. ಹೊಸ ಗಾಡಿಗೆ ತೊಂದರೆ ಏನಿರುತ್ತದೆ ಎಂದೆ. ಎರಡು ನಿಮಿಷ ಕಿಟಕಿ ಹಾಕಿಕೊಳ್ಳಿ ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಮರುದಿನದಿಂದ ನಾನು ಕಿಕ್ ಹೊಡೆಯುವ ಮೊದಲೇ ಆ ಕಿಟಕಿ ಮುಚ್ಚಿರುತ್ತಿತ್ತು. ಮಾರ್ಚ್, ಏಪ್ರಿಲ್, ಮೇ. ಮುಂಬಯಿಯ ಆ ಸೆಖೆಯಲ್ಲಿ.

ನಮ್ಮಿಬ್ಬರ ಮಾತು ಅಲ್ಲಿಗೆ ನಿಂತಿತು. ಹೆಂಗಸರ ಮಾತು ನಿಲ್ಲಲಿಲ್ಲ. ನನ್ನ ಹೆಂಡತಿ ಸರೋಜಾ ಮಧ್ಯಾಹ್ನ ಕಮಲಕ್ಕನ ಹತ್ತಿರ ಹೋಗಿ ಕೂರುವುದು ಮೊದಲಿನ ಹಾಗೆಯೇ ನಡೆದಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸ್ಕೂಟರ್ ಸೋತಿತು.

ಒಮ್ಮೆಲೇ ಸೋಲಲಿಲ್ಲ. ದಿನಕ್ಕೆ ಇಷ್ಟಿಷ್ಟೇ. ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಚೆನ್ನಾಗಿ ಓಡುತ್ತದೆ, ಆದರೆ ಪಿಕಪ್ ಇಲ್ಲ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಗಾಡಿ ಯೋಚನೆ ಮಾಡುತ್ತಾ ಮುಂದೆ ಹೋಗುತ್ತದೆ. ಟಾಪ್ ಗೇರ್ ಹಾಕಿದರೆ ಉಸ್ಸೆಂದು ಇಳಿಯುತ್ತದೆ. ಒಂದು ಸಂಜೆ ಸರೋಜಾಳನ್ನು ಹಿಂದೆ ಕೂರಿಸಿಕೊಂಡು ರೈಲ್ವೆ ಸೇತುವೆ ಹತ್ತುತ್ತಿದ್ದೆ. ಅರ್ಧ ಏರಿನಲ್ಲಿ ಹಾಲಿನ ಕ್ಯಾನು ನೇತುಹಾಕಿದ್ದ ಸೈಕಲ್ ಭೈಯಾ ನಮ್ಮನ್ನು ದಾಟಿ ಹೋದ. ತಿರುಗಿ ನೋಡಿದ ಕೂಡ. ಕೊನೆಗೆ ಸರೋಜಾ ಇಳಿದು ನಡೆದಳು.

ಸ್ಟೇಷನ್ ಹತ್ತಿರದ ಮೆಕ್ಯಾನಿಕ್‌ಗೆ ತೋರಿಸಿದೆ. ಪ್ಲಗ್ ತೆಗೆದು ಉಜ್ಜಿದ. ಎರಡು ದಿನ ವಾಸಿ, ಮತ್ತೆ ಅದೇ ಹಾಡು. ಕಾರ್ಬ್ಯುರೇಟರ್ ಬಿಚ್ಚಿ ಊದಿದ. ಕ್ಲಚ್ ಸ್ಲಿಪ್ ಆಗುತ್ತಿದೆ ಎಂದು ಪ್ಲೇಟ್ ಬದಲಿಸಿದ. ಹಿಂದಿನ ಬ್ರೇಕ್ ಹಿಡಿದುಕೊಂಡಿದೆ ಎಂದು ಸಡಿಲ ಮಾಡಿದ. ಕೊನೆಗೆ ಅವನೇ ಸೋತು, ಪೆಟ್ರೋಲಿನಲ್ಲಿ ಏನೋ ಗಡ್‌ಬಡ್ ಇರಬೇಕು ಎಂದ.

ಏನೋ ಗಡ್‌ಬಡ್. ಆ ಎರಡು ಮಾತು ನನಗೆ ಸಾಕಾಯಿತು.

ಮನೆಗೆ ಬಂದು ಸೀಟು ಎತ್ತಿ ನೋಡಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಸುತ್ತ ಬಿಳಿಯ ಕಾಳುಗಳು. ಬೆರಳಿಗೆ ಅಂಟಿಸಿ ನಾಲಿಗೆಗೆ ಇಟ್ಟೆ. ಸಕ್ಕರೆ.

ಟ್ಯಾಂಕಿಗೆ ಸಕ್ಕರೆ ಹಾಕಿದರೆ ಇಂಜಿನ್ ಸಾಯುತ್ತದೆ ಎಂದು ನೀವೂ ಕೇಳಿರಬಹುದು. ಎಲ್ಲರೂ ಕೇಳಿದ್ದಾರೆ. ಯಾರೂ ನೋಡಿಲ್ಲ. ಸ್ಕೂಟರ್ ನಿಲ್ಲುವುದು ಯಾರ ಕಿಟಕಿಯ ಕೆಳಗೆ? ಸ್ಕೂಟರ್ ಕಂಡರೆ ಆಗದವರು ಯಾರು? ಇಂಜಿನ್ನಿನ ದೋಷ ಹುಡುಕಲು ಪಾನಾ ಬೇಕು, ಸ್ಕ್ರೂಡ್ರೈವರ್ ಬೇಕು. ಮನುಷ್ಯನ ದೋಷ ಹುಡುಕಲು ಏನೂ ಬೇಡ.

ಸರೋಜಾ ಒಂದು ಮಾತು ಹೇಳಿದಳು. ಅವಳು ಧಾರವಾಡದವಳು, ನನ್ನ ಹಾಗೆಯೇ. ಮನೆಯಲ್ಲಿ ನಮ್ಮದು ಆ ಕಡೆಯ ಮಾತೇ. “ರೇಷನ್ ಸಕ್ಕರಿಗೆ ಮಂದಿ ಕ್ಯೂ ನಿಂತು ಸಾಯ್ತಾರ. ಅದನ್ನ ಯಾರರ ನಿಮ್ಮ ಗಾಡಿಗೆ ಸುರೀತಾರೇನು?” ಎಂದಳು. ಹೋದ ಭಾನುವಾರ ನಾನು ತಂದ ಸಕ್ಕರೆಯೇ ತೂಕಕ್ಕೆ ಕಡಿಮೆ ಇತ್ತು ಎಂದೂ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದೆ.

ಕಂಪೌಂಡಿನಲ್ಲಿ ನಿಂತು ಸಂಜೀವಣ್ಣನನ್ನು ಹೊರಗೆ ಕರೆದೆ. ಆಗ ಹೇಳಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಕಳ್ಳನ ಹಾಗೆ ರಾತ್ರಿ ಬಂದು ಇನ್ನೊಬ್ಬನ ಗಾಡಿ ಹಾಳು ಮಾಡುವವನು ಎಂದೆ. ತಟ್ಟೆ ಎತ್ತಿದ ಕೈ ಎಂದೆ. ಉಳಿದ ಹದಿನಾರು ಮನೆಗಳ ಬಾಲ್ಕನಿಯಲ್ಲೂ ಜನ. ಮರಾಠಿಯವರು, ಗುಜರಾತಿಯವರು, ಕನ್ನಡ ತಿಳಿಯದವರೂ ನಿಂತು ನೋಡಿದರು. (ಜಗಳಕ್ಕೆ ಭಾಷೆ ಬೇಕಿಲ್ಲ.) ಸಂಜೀವಣ್ಣ ಒಂದೇ ಮಾತು ಹೇಳಿದರು: “ನಾನು ಮುಟ್ಟಲಿಲ್ಲ ರಾಯರೇ.” ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿಕೊಂಡಿದ್ದೇ ಸಾಕ್ಷಿ ಎಂದು ನಾವೆಲ್ಲ ಮಾತಾಡಿಕೊಂಡೆವು.

ಅಲ್ಲಿಗೆ ಬಿಟ್ಟೆನೇ? ಇಲ್ಲ. ಅಂಕಣದ ದಿನ ಬಂತು, ಬರೆಯಲು ವಿಷಯ ಬೇಕಿತ್ತು. ಹೆಸರು ಹಾಕಲಿಲ್ಲ. ಹೆಸರು ಹಾಕದಿದ್ದರೆ ತಪ್ಪಿಲ್ಲ ಎಂದು ನಮ್ಮಂಥ ಬರೆಯುವವರ ನಂಬಿಕೆ. ಗ್ರೌಂಡ್ ಫ್ಲೋರಿನವರು, ಹೋಟೆಲಿನ ಗಲ್ಲಾದವರು, ದಿನವಿಡೀ ಚಹಾಕ್ಕೆ ಸಕ್ಕರೆ ಹಾಕಿಸಿ ಅಭ್ಯಾಸವಾಗಿ ಸ್ಕೂಟರಿಗೂ ಹಾಕಿದರು ಎಂದು ಬರೆದೆ. ಕಾಂದಿವಲಿಯಲ್ಲಿ ನಾನಿರುವುದು ನಿಮಗೆಲ್ಲ ಗೊತ್ತು. ಇನ್ನು ಹೆಸರು ಯಾತಕ್ಕೆ?

ನಿಮಗೆ ನಗು ಬಂತು. ಸ್ಕೂಟರಿಗೆ ಪಿಕಪ್ ಬರಲಿಲ್ಲ.

ಆಫೀಸಿನ ಗೆಳೆಯರೊಬ್ಬರು ಬೈಕುಲ್ಲಾದ ದಾದಾಪೀರ್ ಹೆಸರು ಹೇಳಿದರು. ನಮ್ಮ ಬಾಗಲಕೋಟೆ ಕಡೆಯವರು, ಇಪ್ಪತ್ತು ವರ್ಷದಿಂದ ಅಲ್ಲಿ ಗಾಡಿ ರಿಪೇರಿ ಮಾಡುತ್ತಾರೆ, ಸುಮ್ಮನೆ ಸಾಮಾನು ಬದಲಿಸುವುದಿಲ್ಲ ಎಂದರು. ಭಾನುವಾರ ಬೆಳಿಗ್ಗೆ ಹೊರಟೆ. ಕಾಂದಿವಲಿಯಿಂದ ಬೈಕುಲ್ಲಾ ತಲುಪಲು ಹಿಡಿದ ಹೊತ್ತಿನಲ್ಲಿ ಪುಣೆಗೆ ಹೋಗಬಹುದಿತ್ತು. ಮಾಹಿಮ್ ದಾಟುವಾಗ ಕುದುರೆಗಾಡಿಯೊಂದು ಹಿಂದಿನಿಂದ ದಾರಿ ಕೇಳಿತು.

ದಾದಾಪೀರ್‌ಗೆ ಐವತ್ತು ಮೀರಿರಬಹುದು. ಕನ್ನಡ ಕೇಳಿ ಮುಖ ಅರಳಿತು. ನಾನು ಇಳಿಯುತ್ತಲೇ ಸಕ್ಕರೆಯ ಕಥೆ ಶುರು ಮಾಡಿದೆ. ಅವರು ಪೂರ್ತಿ ಕೇಳಿದರು. ಟ್ಯಾಂಕ್ ಖಾಲಿ ಮಾಡಿದರು. ಆಮೇಲೆ ನಡೆದದ್ದನ್ನು ಮೊದಲೇ ಹೇಳಿದ್ದೇನೆ: ಮುಚ್ಚಳ, ಪೆಟ್ರೋಲ್, ಚಮಚ ಸಕ್ಕರೆ.

ಹಾಗಾದರೆ ಆ ಕಾಳು ಎಲ್ಲಿಂದ ಬಂತು? ನಿಂತಲ್ಲೇ ನನಗೆ ಹೊಳೆಯಿತು. ಆ ಭಾನುವಾರ ರೇಷನ್ ಅಂಗಡಿಯಿಂದ ಬರುತ್ತಾ ಪೆಟ್ರೋಲ್ ಹಾಕಿಸಿದ್ದೆ. ಪಂಪಿನಲ್ಲಿ ಸೀಟು ಎತ್ತಿ, ಸಕ್ಕರೆಯ ಕಾಗದದ ಚೀಲವನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಟ್ಯಾಂಕಿನ ಮೇಲೆಯೇ. ಚೀಲದ ತಳ ಹರಿದಿತ್ತು. ತೂಕ ಕಡಿಮೆ ಇತ್ತೆಂದು ಸರೋಜಾ ಹೇಳಿದ್ದು ಅದನ್ನೇ.

ದಾದಾಪೀರ್ ಈಗ ಗಾಡಿ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತಿರುಗಿಸಿದರು. ಹಿಂದೆ ಬಂದು ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡುವಂತೆ ನನಗೆ ಹೇಳಿದರು. ಒಡ್ಡಿದೆ. ಇಂಜಿನ್ ಅಷ್ಟು ಅರಚುತ್ತಿದೆ, ಅಂಗೈಗೆ ಬರುವ ಗಾಳಿ ಮಾತ್ರ ಬಾಯಿಂದ ಊದಿದಷ್ಟು.

“ಹೊಗಿ ಹೊರಗ ಹೋಗಲಿಕ್ಕೆ ಹಾದಿ ಇಲ್ಲ. ಹಳೇ ಉಸರು ಹೊರಗ ಹೋಗದ ಹೊಸಾ ಉಸರು ಒಳಗ ಹ್ಯಾಂಗ ಬರ್ತದ?” ಎಂದರು.

ಸೈಲೆನ್ಸರ್ ಬಿಚ್ಚಿ ಕೆಳಗಿಟ್ಟು, ಅದಿಲ್ಲದೆ ಒಂದು ಗಳಿಗೆ ಇಂಜಿನ್ ಓಡಿಸಿದರು. ಗಲ್ಲಿಯಿಡೀ ಕಿವಿ ಮುಚ್ಚಿಕೊಂಡಿತು. ಗಾಡಿ ಹೊಸದಾಗಿ ಮನೆಗೆ ಬಂದ ದಿನ ಇಂಜಿನ್ನಿನ ವೇಗ ಹೇಗೆ ಏರುತ್ತಿತ್ತೋ ಹಾಗೆ ಏರಿತು. ಇಂಜಿನ್ ಆರಿಸಿ, ಬ್ಯಾಟರಿ ದೀಪ ಹಿಡಿದು, ಹೊಗೆ ಹೊರಗೆ ಬರುವ ತೂತನ್ನು ತೋರಿಸಿದರು. ಹೆಬ್ಬೆರಳು ಹೋಗಬೇಕಾದ ಜಾಗದಲ್ಲಿ ಕಿರುಬೆರಳೂ ಹೋಗುತ್ತಿರಲಿಲ್ಲ. ಸುತ್ತ ಕಪ್ಪಗೆ, ಡಾಂಬರಿನ ಹಾಗೆ ಗಟ್ಟಿಯಾದ ಕಾರ್ಬನ್. ಮೊಂಡು ಉಳಿಯಿಂದ ಕೆರೆದು ಕೆರೆದು ತೆಗೆದರು. ಸೈಲೆನ್ಸರನ್ನು ಬೆಂಕಿಗೆ ಹಾಕಿ ಸುಟ್ಟು, ಕೊಡವಿದರು. ಗಲ್ಲಿಯ ಕಲ್ಲಿನ ಮೇಲೆ ಎರಡು ಹಿಡಿ ಮಸಿ ಬಿತ್ತು.

ಎಣ್ಣೆ ಎಷ್ಟು ಹಾಕುತ್ತೀರಿ ಎಂದು ಕೇಳಿದರು. ನಾನು ಮನೆಯ ಡಬ್ಬಿಯ ವಿಷಯ ಹೇಳಿದೆ. ಅವರು ನನ್ನನ್ನು ಒಮ್ಮೆ ನೋಡಿದರು. ಬೈಯಲಿಲ್ಲ. ಪ್ರೀತಿ ಇದ್ದವರೇ ಈ ಕೆಲಸ ಮಾಡುವುದು ಎಂದರು. ಹೆಚ್ಚಿನ ಎಣ್ಣೆ ಉರಿಯುವುದಿಲ್ಲ, ಅರ್ಧ ಹೊಗೆಯಾಗಿ ಹೊರಗೆ ಹೋಗುತ್ತದೆ, ಅರ್ಧ ಒಳಗೆ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ದಿನಾ ನಿಂತಲ್ಲೇ ಓಡಿಸಿದರೆ ಇನ್ನೂ ಬೇಗ. ಒಂದು ದಿನದ ಕೆಲಸವಲ್ಲ ಇದು, ತಿಂಗಳುಗಟ್ಟಲೆಯದು ಎಂದರು. ಆಮೇಲೆ, ಕೈ ಒರೆಸಿಕೊಳ್ಳುತ್ತಾ, ಸುಮ್ಮನೆ ಕೇಳುವಂತೆ ಕೇಳಿದರು:

“ಇಷ್ಟು ಕಟ್ಟಬೇಕಂದ್ರ ಭಾಳ ಹೊಗಿ ಬಿಟ್ಟಿರಬೇಕ್ರಿ ಗಾಡಿ. ಯಾರೂ ಹೇಳಲಿಲ್ಲೇನು ನಿಮಗ?”

ಹೇಳಿದ್ದರು. ಮಾರ್ಚ್ ತಿಂಗಳಲ್ಲೇ, ಸದ್ದು ನಿಲ್ಲುವವರೆಗೆ ಕಾದು ನಿಂತು, ಹೇಳಿದ್ದರು. ಏನೋ ತೊಂದರೆ ಉಂಟು ಅದಕ್ಕೆ, ಒಮ್ಮೆ ತೋರಿಸಿ ಎಂದು. ಪ್ಲಗ್ ಉಜ್ಜಿದವನಿಗಿಂತ, ಕ್ಲಚ್ ಬದಲಿಸಿದವನಿಗಿಂತ ಮೊದಲೇ ನನ್ನ ಗಾಡಿಯ ರೋಗ ಹಿಡಿದಿದ್ದವರು ಅವರೊಬ್ಬರೇ.

ಇದನ್ನು ನಾನು ದಾದಾಪೀರ್‌ಗೆ ಹೇಳಿದೆ. ಬಾಲ್ಕನಿಯವರ ಮುಂದೆ ಆಡಿದ್ದನ್ನೂ ಹೇಳಿದೆ. ಪತ್ರಿಕೆಯಲ್ಲಿ ಬರೆದದ್ದನ್ನೂ ಹೇಳಿದೆ. ಅವರು ಸೈಲೆನ್ಸರ್ ಕೂರಿಸಿ ನಟ್ಟು ಬಿಗಿಯುತ್ತಲೇ ಕೇಳಿದರು. ಕೊನೆಗೆ, ಆ ಮನುಷ್ಯ ಈಗ ಎಲ್ಲಿದ್ದಾನೆ ಎಂದಷ್ಟೇ ಕೇಳಿದರು.

ಪರೇಲ್‌ನಲ್ಲಿದ್ದರು. ಆಸ್ಪತ್ರೆಯಲ್ಲಿ. ನಾಲ್ಕು ದಿನ ಮೊದಲು ಕಮಲಕ್ಕನಿಗೆ ಉಬ್ಬಸ ಜೋರಾಗಿ ಸೇರಿಸಿದ್ದರು. ಸರೋಜಾ ಎರಡು ಸಲ ಗಂಜಿ ತೆಗೆದುಕೊಂಡು ಹೋಗಿ ಬಂದಿದ್ದಳು. ನನ್ನನ್ನು ಕರೆದಿರಲಿಲ್ಲ.

ಬೈಕುಲ್ಲಾದಿಂದ ಪರೇಲ್ ಎಷ್ಟು ದೂರ? ಗಾಡಿ ಒಂದೇ ಉಸಿರಿಗೆ ಸೇತುವೆ ಹತ್ತಿತು. ಅದು ಎಷ್ಟು ಚೆನ್ನಾಗಿ ಎಳೆಯಿತೋ ನನಗೆ ಅಷ್ಟು ಕಷ್ಟವಾಯಿತು.

ಜನರಲ್ ವಾರ್ಡ್. ಕಮಲಕ್ಕ ಎರಡು ದಿಂಬಿಗೆ ಒರಗಿ ಕೂತಿದ್ದರು. ಸಂಜೀವಣ್ಣ ಇರಲಿಲ್ಲ, ಔಷಧಿ ತರಲು ಹೋಗಿದ್ದರು. ಕಮಲಕ್ಕನಿಗೆ ಓದಲು ಬರುವುದಿಲ್ಲ. ಪತ್ರಿಕೆಯ ವಿಷಯ ಮಗ ಅವರಿಗೆ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ಕಂಪೌಂಡಿನ ಜಗಳವೂ ಅವರಿಗೆ ಪೂರ್ತಿ ಕೇಳಿಸಿರಲಿಲ್ಲ. ನನ್ನ ಕಪ್ಪಾದ ಕೈ ನೋಡಿ ಅವರೇ ಮಾತು ತೆಗೆದರು.

“ಸ್ಕೂಟರ್ ಸಮ ಆಯ್ತಾ ಮಗಾ?”

ಆಯಿತು ಎಂದೆ.

“ಪಾಪ. ಬೆಳಿಗ್ಗೆ ಬೆಳಿಗ್ಗೆ ಅದು ಕೆಮ್ಮುವುದು ಕೇಳ್ತಿತ್ತು ನನಗೆ. ನೀವು ಎಷ್ಟು ಕಷ್ಟಪಡ್ತೀರಿ ಅಂತ ಸಂಜೀವನ ಹತ್ರ ಹೇಳ್ತಿದ್ದೆ.”

ನಾನು ಸ್ಟೂಲಿನ ಮೇಲೆ ಕೂತಿದ್ದೆ. ಎದ್ದು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಡಾಕ್ಟರು ಇದು ಹಳೆಯ ರೋಗ, ಹವೆ ಬದಲಾದಾಗ ಹೀಗಾಗುತ್ತದೆ ಎಂದಿದ್ದರಂತೆ. ನನ್ನ ಹೊಗೆಯಿಂದಲೇ ಆಯಿತು ಎಂದು ಯಾರೂ ಹೇಳಲಿಲ್ಲ. ಯಾರೂ ಹೇಳಲಿಲ್ಲ ಎಂದು ನಾನು ಸಮಾಧಾನ ಪಟ್ಟುಕೊಳ್ಳಬಹುದೇ? ದಿನಕ್ಕೆ ಐದು ನಿಮಿಷ. ಆರೇಳು ತಿಂಗಳು. ಲೆಕ್ಕ ನೀವೇ ಹಾಕಿ.

ಸಂಜೀವಣ್ಣ ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ತಾಯಿಯ ಮುಂದೆ ಮಾತು ಬೇಡವೆಂದು ವರಾಂಡಕ್ಕೆ ಕರೆದುಕೊಂಡು ಹೋದರು. ಅಲ್ಲಿ, ಬಂದು ಹೋಗುವ ನರ್ಸುಗಳ ಮಧ್ಯೆ, ನಾನು ಎಲ್ಲ ಹೇಳಿದೆ. ಹರಿದ ಚೀಲ, ಎಣ್ಣೆ ಡಬ್ಬಿ, ಕಾರ್ಬನ್. ತಪ್ಪು ನನ್ನದು, ಕ್ಷಮಿಸಬೇಕು ಎಂದೆ. ನನ್ನ ಧ್ವನಿ ನಡುಗಿತು. ಅದು ನಡುಗಿದ್ದು ನನಗೆ ಸ್ವಲ್ಪ ಹಿತವಾಗಿಯೇ ಇತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಇಷ್ಟು ಹೇಳಿದ ಮೇಲೆ ಅವರು ಕೈ ಹಿಡಿಯುತ್ತಾರೆ, ಬಿಡಿ ರಾಯರೇ ಅನ್ನುತ್ತಾರೆ, ಇಬ್ಬರೂ ಚಹಾ ಕುಡಿಯುತ್ತೇವೆ ಎಂದು ಒಳಗೊಳಗೇ ಅಂದುಕೊಂಡಿದ್ದೆ.

ಅವರು ಕೈ ಹಿಡಿಯಲಿಲ್ಲ.

“ನೀವು ಈಗ ಹೇಳಿದ್ದು ನನಗೆ ಕೇಳಿಸಿತು,” ಎಂದರು. “ನನಗೆ ಮೊದಲೇ ಗೊತ್ತಿತ್ತಲ್ಲ ರಾಯರೇ, ನಾನು ಹಾಕಲಿಲ್ಲ ಅಂತ. ಗೊತ್ತಿಲ್ಲದವರು ಬೇರೆ ಇದ್ದಾರೆ. ಅವರಿಗೆ ಹೇಳಿ. ಎಲ್ಲೆಲ್ಲಿ ಹೇಳಿದ್ರೋ ಅಲ್ಲಲ್ಲೇ ಹೇಳಿ.”

ಆಗಲಿ ಎಂದೆ.

ಒಳಗೆ ಹೋಗಲು ತಿರುಗಿದವರು ಮತ್ತೆ ನಿಂತರು. “ಬರೆಯುವುದಾದರೆ ನಗುವ ಹಾಗೆ ಬರೀಬೇಡಿ,” ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ಕಂಪೌಂಡಿನಲ್ಲಿ ಬನ್ನಿ ಎಂದು ಹದಿನಾರು ಮನೆಗೂ ಹೋಗಿ ಕರೆದೆ. ಬಂದವರು ಮೂವರು. ಅದರಲ್ಲಿ ಒಬ್ಬರು ನೀರಿನ ಪಂಪಿನ ವಿಷಯ ಇರಬೇಕೆಂದು ಬಂದಿದ್ದರು. ಸಂಜೀವಣ್ಣ ಬಾಗಿಲಲ್ಲಿ ನಿಂತಿದ್ದರು. ಕನ್ನಡದಲ್ಲಿ ಹೇಳಿ, ಆಮೇಲೆ ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಸೊಸೈಟಿಯ ಚೇರ್ಮನ್ನರು ಒಳ್ಳೆಯವರು, ಮರಾಠಿಯಲ್ಲಿ ‘ಜಾವೂ ದ್ಯಾ’ ಎಂದರು. ಹೋಗಲಿ ಬಿಡಿ, ಆದದ್ದಾಯಿತು, ಇಷ್ಟು ದೊಡ್ಡದು ಮಾಡುವುದೇಕೆ ಎಂದು. ದೊಡ್ಡದು ಮಾಡಿದ ದಿನ ಅವರೂ ಬಾಲ್ಕನಿಯಲ್ಲಿ ಇದ್ದರು.

ಬಾರದ ಹದಿಮೂರು ಮನೆಗೆ ಒಂದೊಂದಾಗಿ ಹೋಗಿ ಹೇಳಿದೆ. ಎರಡು ಮನೆಯಲ್ಲಿ ಚಹಾ ಕೊಟ್ಟರು. ಒಂದು ಮನೆಯಲ್ಲಿ, ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಕಣ್ಣು ಹೊಡೆದರು. ಅವರಿಗೆ ಅದೇ ಮಾತನ್ನು ನಾಲ್ಕು ಸಲ ಹೇಳಬೇಕಾಯಿತು. ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಈ ಅಂಕಣವೊಂದು ಬಾಕಿ ಉಳಿಯಿತು. ಸಂಪಾದಕರಿಗೆ ಫೋನ್ ಮಾಡಿದೆ. ಒಳ್ಳೆಯದು, ಯಾವುದಾದರೂ ಪುಟದ ಕೆಳಗೆ ನಾಲ್ಕು ಸಾಲಿನ ಸ್ಪಷ್ಟೀಕರಣ ಹಾಕೋಣ, ಅಂಕಣಕ್ಕೆ ಬೇರೆ ಏನಾದರೂ ಲವಲವಿಕೆಯದು ಕೊಡಿ ಎಂದರು. ಅವರದ್ದೂ ತಪ್ಪಿಲ್ಲ. ಪತ್ರಿಕೆಗಳಲ್ಲಿ ಹಾಗೇ ನಡೆದು ಬಂದಿದೆ. ತಪ್ಪಿಗೆ ಒಂದು ಪುಟ, ತಿದ್ದುಪಡಿಗೆ ನಾಲ್ಕು ಸಾಲು. ಒಂದೂವರೆ ಕಾಲಮ್ಮಿನಲ್ಲಿ ಹೇಳಿದ ಸುಳ್ಳನ್ನು ನಾಲ್ಕು ಸಾಲಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ ಸರ್ ಎಂದು ಕೇಳಿದೆ. ಕೊನೆಗೆ ಬರೆಯಿರಿ ಎಂದರು.

ಬರೆಯುವ ಮೊದಲು ಸಂಜೀವಣ್ಣನ ಹೋಟೆಲಿಗೆ ಹೋದೆ. ಕಾಂದಿವಲಿ ಸ್ಟೇಷನ್ನಿನಿಂದ ಎರಡು ನಿಮಿಷ. ಗಲ್ಲಾದಲ್ಲಿ ಬೇರೆ ಯಾರೋ ಕೂತಿದ್ದರು. ಯಜಮಾನರನ್ನು ಕೇಳಿದೆ. ನನ್ನ ಗುರುತು ಹೇಳಿದಾಗ ಅವರ ಮುಖ ಬಿಗಿಯಿತು.

ಅವರಿಂದಲೇ ತಿಳಿಯಿತು. ನಮ್ಮ ಪತ್ರಿಕೆ ಆ ಹೋಟೆಲಿಗೆ ಬರುತ್ತದೆ. ಅಂಕಣ ಬಂದ ವಾರ, ಮೂಲೆಯ ಮೇಜಿನಲ್ಲಿ ಕೂರುವ ದಿನದ ಗಿರಾಕಿಗಳಲ್ಲಿ ಒಬ್ಬರು ಅದನ್ನು ಜೋರಾಗಿ ಓದಿದರಂತೆ. ಹೋಟೆಲಿಗೆ ಹೋಟೆಲೇ ನಕ್ಕಿತಂತೆ. ಮರುದಿನದಿಂದ ಬಿಲ್ಲು ಕೊಡಲು ಬಂದವರೆಲ್ಲ ಒಂದೊಂದು ಮಾತು. ನನ್ನ ಚಹಾಕ್ಕೆ ಹಾಕಿದಿರೋ, ಸ್ಕೂಟರಿಗೆ ಹಾಕಿದಿರೋ? ಸಂಜೀವಣ್ಣ ಯಾರಿಗೂ ಉತ್ತರ ಕೊಡಲಿಲ್ಲ. ಒಂದು ವಾರ ನೋಡಿ, ನನ್ನನ್ನು ಒಳಗೆ ಉಗ್ರಾಣಕ್ಕೆ ಹಾಕಿ ಎಂದು ಯಜಮಾನರಲ್ಲಿ ಕೇಳಿಕೊಂಡರಂತೆ. ಇಪ್ಪತ್ತೆರಡು ವರ್ಷ ದುಡಿದು ಒಳಗಿನಿಂದ ಗಲ್ಲಾಕ್ಕೆ ಬಂದವರು. ಅವರೇ ಬಾಯಿಬಿಟ್ಟು ಕೇಳಿ ಒಳಗೆ ಹೋದರು.

“ನಾನು ವಾಪಸ್ ಬಾ ಅಂದೆ,” ಎಂದರು ಯಜಮಾನರು. “ಅವನು ಬರುವುದಿಲ್ಲ ಅಂತಾನೆ. ಜನ ಮರೆಯಲಿ, ಆಮೇಲೆ ನೋಡುವ ಅಂತಾನೆ.”

ಕಮಲಕ್ಕ ಮನೆಗೆ ಬಂದಿದ್ದಾರೆ. ಸರೋಜಾ ಹೋಗಿ ಕೂರುತ್ತಾಳೆ. ಸಂಜೀವಣ್ಣ ಎದುರಾದರೆ ನಾನು ನಮಸ್ಕಾರ ಮಾಡುತ್ತೇನೆ, ಅವರೂ ಮಾಡುತ್ತಾರೆ. ಅದಕ್ಕಿಂತ ಮುಂದೆ ಹೋಗಿಲ್ಲ. ಹೋಗಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಸ್ಟೇಷನ್ ಹತ್ತಿರದ ಆ ಹೋಟೆಲಿನಲ್ಲಿ, ಮೂಲೆಯ ಮೇಜಿನಲ್ಲಿ ಕೂತು ನನ್ನ ಸುಳ್ಳನ್ನು ಎಲ್ಲರಿಗೂ ಕೇಳುವಂತೆ ಓದಿದವರೇ, ನೀವು ಯಾರೋ ನನಗೆ ಗೊತ್ತಿಲ್ಲ. ಆದರೆ ಈ ವಾರದ್ದನ್ನೂ ಅಲ್ಲೇ ಕೂತು, ಉಗ್ರಾಣದವರೆಗೆ ಕೇಳುವಷ್ಟು ಜೋರಾಗಿ, ಒಮ್ಮೆ ಓದುತ್ತೀರಾ?